ಕಣ್ಣಿಗೆ ಬೇಕಾದಷ್ಟು ಬೆಳಕು

ಭಾವಚಿತ್ರಕ್ಕೆ ಬೆಳಕು ಹೇಗಿರಬೇಕು ಅನ್ನುವುದಕ್ಕೆ ಪುಸ್ತಕಗಳಲ್ಲಿ ಕಟ್ಟುನಿಟ್ಟಾದ ನಿಯಮಗಳಿವೆ. ಮುಖ್ಯ ದೀಪ ಮುಖದಿಂದ ಸುಮಾರು 45 ಡಿಗ್ರಿ ಪಕ್ಕಕ್ಕೆ, ಸ್ವಲ್ಪ ಮೇಲಕ್ಕೆ ಇರಬೇಕು. ನೆರಳಿರುವ ಕೆನ್ನೆಯ ಮೇಲೆ, ಕಣ್ಣಿನ ಕೆಳಗೆ ಬೆಳಕಿನ ಒಂದು ಪುಟ್ಟ ತ್ರಿಕೋನ ಬೀಳಬೇಕು. ಹದಿನೇಳನೇ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟನ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಇನ್ನೊಂದು ಮಂದ ದೀಪ ನೆರಳನ್ನು ತಿಳಿಯಾಗಿಸಬೇಕು, ಮತ್ತೊಂದು ಹಿಂದಿನಿಂದ ಕೂದಲಂಚನ್ನು ಬೆಳಗಬೇಕು. ಹಿಂದಿನ ಗೋಡೆ ಸಾಕಷ್ಟು ದೂರ ಇರಬೇಕು. ಇದನ್ನೆಲ್ಲ ಬರೆದವರು ಮುಂಬೈ ಚಾಳಿನ ಖೋಲಿಯೊಳಗೆ ಕಾಲಿಟ್ಟಿರಲಾರರು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ನಾನು ಇಪ್ಪತ್ತೈದು ವರ್ಷಗಳಿಂದ ಮುಂಬೈಯಲ್ಲಿ ಫೋಟೋ ತೆಗೆದು ಬದುಕುತ್ತಿರುವವನು. ಹೆಚ್ಚಾಗಿ ನಮ್ಮ ಜನರದ್ದೇ: ಹೋಟೆಲಿನ ಅಡುಗೆಯವರು, ಚಾಳಿನ ಅಜ್ಜಿಯರು, ಸಂಘದ ಸ್ಮರಣ ಸಂಚಿಕೆಗೆ ಬೇಕಾದ ಹಿರಿಯರು. ಒಂದು ದಿನದ ದುಡಿಮೆ ಬಿಟ್ಟು ಸ್ಟುಡಿಯೋಗೆ ಯಾರು ಬರುತ್ತಾರೆ? ನಾವೇ ಹೋಗಬೇಕು. ಹತ್ತಡಿಗೆ ಹನ್ನೆರಡಡಿಯ ಖೋಲಿ. ಅದರಲ್ಲೇ ಮಂಚ, ಕಪಾಟು, ಫ್ರಿಜ್ಜು, ದೇವರು. ದೀಪದ ಸ್ಟ್ಯಾಂಡು ನಿಲ್ಲಿಸಬೇಕಾದರೆ ಮನೆಯವರು ಗ್ಯಾಲರಿಗೆ ಹೋಗಿ ನಿಲ್ಲಬೇಕು. ಛತ್ರಿ ಬಿಚ್ಚಿದರೆ ಫ್ಯಾನಿಗೆ ತಾಗುತ್ತದೆ. ಗೋಡೆಗೆ ಹಸಿರು ಆಯಿಲ್ ಪೇಂಟು. ಬೆಳಕು ಅದಕ್ಕೆ ಬಡಿದು ಬಂದರೆ ಅಜ್ಜಿಯ ಕೆನ್ನೆಯೂ ಹಸಿರು.

ಹಾಗಾದರೆ ನಿಯಮ ಬಿಟ್ಟುಬಿಡೋಣವೇ? "ಇದ್ದದ್ದನ್ನ ಇದ್ದ ಹಾಗೆ ತೆಗೀರಿ, ಅದೇ ನಿಜ" ಅನ್ನುವ ಗೆಳೆಯರಿದ್ದಾರೆ. ಕೇಳಲಿಕ್ಕೆ ಚೆನ್ನಾಗಿದೆ. ಆದರೆ ನೆತ್ತಿಯ ಮೇಲಿನ ಟ್ಯೂಬ್‌ಲೈಟು ನಿಜ ಹೇಳುವುದಿಲ್ಲ ಸ್ವಾಮಿ. ಹುಬ್ಬಿನ ನೆರಳು ಕಣ್ಣಿಗೆ ಬಿದ್ದು, ಎಂಥ ಸುಖಿಯೂ ನಾಲ್ಕು ದಿನ ನಿದ್ದೆಗೆಟ್ಟವನ ಹಾಗೆ ಕಾಣುತ್ತಾನೆ. ಎದುರಿಗೆ ಕೂತು ಮಾತಾಡುವಾಗ ನಮ್ಮ ಕಣ್ಣು ಅದನ್ನು ಸರಿಮಾಡಿಕೊಂಡು ನೋಡುತ್ತದೆ. ಕ್ಯಾಮೆರಾಕ್ಕೆ ಆ ದಾಕ್ಷಿಣ್ಯ ಇಲ್ಲ. ಈ ಊರಲ್ಲಿ ದೊಡ್ಡ ಕಿಟಕಿ ದುಡ್ಡಿದ್ದವರಿಗೆ. ಇದ್ದ ಹಾಗೆ ತೆಗೆಯುತ್ತೇನೆ ಅಂತ ಹೊರಟರೆ ಉಳ್ಳವರ ಮುಖ ಬೆಳಗುತ್ತದೆ, ಇಲ್ಲದವರ ಮುಖ ಕತ್ತಲಾಗುತ್ತದೆ. ಇದನ್ನು ನಿಜ ಅಂತ ಕರೆಯಲು ನನಗೆ ಮನಸ್ಸಿಲ್ಲ. ಬೆಳಕಿನ ನಿಯಮದಲ್ಲಿ ಮನುಷ್ಯನ ಬಗ್ಗೆ ಒಂದು ಮರ್ಯಾದೆಯೂ ಇದೆ. ಅದು ಎಲ್ಲರಿಗೂ ಸಲ್ಲಬೇಕು.

ಹಾಗಂತ ನಿಯಮವನ್ನೇ ಹಿಡಿದು ಕೂತರೂ ಕಷ್ಟ. 1941ರ ಡಿಸೆಂಬರಿನಲ್ಲಿ ಕೆನಡಾದ ಪಾರ್ಲಿಮೆಂಟಿನಲ್ಲಿ ಯೂಸುಫ್ ಕಾರ್ಶ್ ಚರ್ಚಿಲ್ಲರ ಚಿತ್ರ ತೆಗೆದದ್ದು ನಮ್ಮ ಕಸುಬಿನವರಿಗೆಲ್ಲ ಗೊತ್ತು. ಅಲ್ಲಿಗೇ ದೀಪಗಳನ್ನು ಒಯ್ದು ಮೊದಲೇ ಹೊಂದಿಸಿಟ್ಟಿದ್ದ. ಸಿಗಾರ್ ಅಡ್ಡ ಬಂತು, ಬಾಯಿಂದಲೇ ಕಿತ್ತುಕೊಂಡ. ಚರ್ಚಿಲ್ಲರ ಆ ಸಿಡುಕು ಮುಖ ಲೋಕಪ್ರಸಿದ್ಧವಾಯಿತು. ಆದರೆ ಸಿಡುಕುವ ಅಧಿಕಾರ ಚರ್ಚಿಲ್ಲರಿಗಿತ್ತು. ಹೋಟೆಲಿನ ಅಡುಗೆಯವರಿಗೆ ಎಲ್ಲಿದೆ? ನಾನು ಏನು ಹೇಳಿದರೂ "ಆಯ್ತು ಸಾರ್" ಅನ್ನುತ್ತಾರೆ. ಅದಕ್ಕೇ ಅವರನ್ನು ಕೇಳುವಾಗ ಹೆಚ್ಚು ಎಚ್ಚರ ಬೇಕು.

ಮಾಟುಂಗಾದ ಒಂದು ಹೋಟೆಲಿನಲ್ಲಿ ಕುಂದಾಪುರದ ಕಡೆಯ ಅಡುಗೆಯವರೊಬ್ಬರು ಊರಿನ ಮನೆಗೆ ತಮ್ಮ ಫೋಟೋ ಕಳಿಸಬೇಕೆಂದರು. ಸಿಕ್ಕಿದ್ದು ನಾಲ್ಕು ನಿಮಿಷ, ಅದೂ ಎರಡು ಒಬ್ಬೆ ಇಡ್ಲಿಯ ನಡುವೆ. "ಬೆವರು ಕಾಣೋದು ಬೇಡ, ಅಮ್ಮ ಬೇಜಾರು ಮಾಡ್ಕೊಳ್ತಾರೆ" ಅಂದರು. ಒಲೆಯ ಪಕ್ಕ, ಹಬೆಯಲ್ಲಿ, ಬೆವರಿನೊಂದಿಗೆ ತೆಗೆದರೆ ಅದು ಪತ್ರಿಕೆಗೆ ಒಪ್ಪುವ ಚಿತ್ರ. ಆದರೆ ಚಿತ್ರ ಹೋಗುವುದು ಅಮ್ಮನ ಗೋಡೆಗೆ. ಅವರು ಮುಖ ಒರೆಸಿಕೊಂಡು ಹಿಂಬಾಗಿಲ ಕಡೆ ಎರಡು ಹೆಜ್ಜೆ ಬಂದರು. ಒಗೆದು ಒಣಹಾಕಿದ್ದ ಬಿಳಿ ಪಂಚೆಯನ್ನು ಹುಡುಗನೊಬ್ಬ ಇನ್ನೊಂದು ಪಕ್ಕ ಹಿಡಿದ. ಬಾಗಿಲಿನ ಬೆಳಕು ಅದರಿಂದ ತಿರುಗಿ ನೆರಳಿನ ಕೆನ್ನೆಗೆ ಬಂತು. (ಸ್ಟೀಲಿನ ಪರಾತ ಇದಕ್ಕಾಗದು, ಬೆಳಕು ಚುಚ್ಚುತ್ತದೆ.) ರೆಂಬ್ರಾಂಟನ ತ್ರಿಕೋನ ಬೀಳಲಿಲ್ಲ. ಹಿಂದೆ ಪಾತ್ರೆಗಳ ರಾಶಿ ಹಾಗೇ ಇತ್ತು. ಎರಡೂ ಕಣ್ಣಲ್ಲಿ ಬಾಗಿಲಿನ ಬೆಳಕು ಮಾತ್ರ ಚೆನ್ನಾಗಿ ಮಿನುಗಿತು. ಬೆವರು ಒರೆಸಿದ ಮುಖ ಸುಳ್ಳೇ? ನನಗೆ ಹಾಗನ್ನಿಸುವುದಿಲ್ಲ. ಅಮ್ಮನೆದುರು ಹೋಗುವ ಮೊದಲು ಯಾರಾದರೂ ಮುಖ ತೊಳೆಯುತ್ತಾರೆ.

ಮೈಸೂರಿನವರೇ ಆದ ಟಿ. ಎಸ್. ಸತ್ಯನ್ (1923–2009) ನಮ್ಮ ಹಾಗೇ ಹೊರನಾಡಿನಲ್ಲಿದ್ದವರು. ಬಹುಕಾಲ ದೆಹಲಿಯಲ್ಲಿದ್ದು, ಯುನಿಸೆಫ್‌ಗಾಗಿ ಮಕ್ಕಳ ಚಿತ್ರ ತೆಗೆದು, ಕೊನೆಗೆ ಮೈಸೂರಿಗೆ ಮರಳಿದರು. ಅವರ ಚಿತ್ರಗಳಲ್ಲಿ ಸಾಮಾನ್ಯ ಜನ ತಮ್ಮ ಜಾಗದಲ್ಲೇ ಇದ್ದಾರೆ, ಯಾರೂ ದೀನರಾಗಿ ಕಾಣುವುದಿಲ್ಲ. ಮರ್ಯಾದೆಗೆ ಸ್ಟುಡಿಯೋನೇ ಬೇಕಾಗಿಲ್ಲ ಅಂತ ನನಗೆ ಧೈರ್ಯ ಬಂದದ್ದು ಅವರಿಂದ.

ಮುಂಬೈ ಲೋಕಲ್ ಟ್ರೇನಿನಲ್ಲಿ ಮೂವರ ಸೀಟಿನಲ್ಲಿ ನಾಲ್ಕನೆಯವನಿಗೂ ಜಾಗ ಉಂಟು. ಆದರೆ ಅಲ್ಲೂ ಒಂದು ಕ್ರಮವಿದೆ: ಕೂತವರನ್ನು ಯಾರೂ ಏಳಿಸುವುದಿಲ್ಲ, ಬಂದವನೇ ಅರ್ಧ ಮೈ ಹೊರಗಿಟ್ಟು ಕೂರಬೇಕು. 'ಅಡ್ಜಸ್ಟ್' ಅಂದರೆ ಏನೂ ನಡೆಯುತ್ತೆ ಅಂತ ಅಲ್ಲ. ಯಾರು ಮೊದಲು ಸರಿಯಬೇಕು ಅನ್ನುವ ಲೆಕ್ಕ. ನನ್ನ ಕಸುಬಿನಲ್ಲೂ ಅದನ್ನೇ ಇಟ್ಟುಕೊಂಡಿದ್ದೇನೆ. ಮೊದಲು ನಾನು ಸರಿಯುತ್ತೇನೆ, ಆಮೇಲೆ ಬೆಳಕು, ಕಟ್ಟಕಡೆಗೆ, ಕೇಳಿ ಒಪ್ಪಿದರೆ, ಎದುರಿಗಿರುವವರು. ತ್ರಿಕೋನ, ಕೂದಲಂಚಿನ ಹೊಳಪು, ಹಿನ್ನೆಲೆ ಇವೆಲ್ಲ ಹೋದರೆ ಹೋಗಲಿ. ಕಣ್ಣು ಕಾಣಬೇಕು, ಅದರಲ್ಲಿ ಮಾತ್ರ ರಾಜಿಯಿಲ್ಲ. ಊರಲ್ಲಿ ಆ ಚಿತ್ರ ನೋಡುವವರು ಮೊದಲು ಹುಡುಕುವುದು ಕಣ್ಣನ್ನೇ. ನಮ್ಮವನು ಅಲ್ಲಿ ಹೇಗಿದ್ದಾನೆ ಅಂತ ಅವರಿಗೆ ಗೊತ್ತಾಗಬೇಕಾದದ್ದು ಅಲ್ಲಿಂದ.