ಸಹಿ ಮತ್ತು ಒಪ್ಪಿಗೆ



ಕಳೆದ ಯುಗಾದಿಯಂದು ಊಟದ ಸಾಲಿನಲ್ಲಿ ನಿಂತಿದ್ದಾಗ ನಮ್ಮ ಕೂಟದ ತರುಣ ಮಿತ್ರರೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದರು. ಅವರ ತಂದೆಯವರಿಗೆ ಸಕ್ಕರೆ ಕಾಯಿಲೆ. ಅಂಗಾಲಿನ ಹುಣ್ಣು ನಾಲ್ಕು ತಿಂಗಳಾದರೂ ಮಾಯುತ್ತಿಲ್ಲ. ಹೊಸ ಬಗೆಯ ಜೆಲ್ ಒಂದರ ಪ್ರಯೋಗಕ್ಕೆ ಸೇರುವಿರಾ ಎಂದು ಕೇಳಿ ಆಸ್ಪತ್ರೆಯವರು ಹದಿನಾಲ್ಕು ಪುಟಗಳ ಒಪ್ಪಿಗೆ ಪತ್ರ ಕೊಟ್ಟಿದ್ದರು. "ಅಪ್ಪ ಅದನ್ನ ಓದಿಸಿಕೊಳ್ಳೋದೂ ಇಲ್ಲ ಅಂಕಲ್. ಡಾಕ್ಟ್ರು ಹೇಳಿದ ಹಾಗೆ ಅಂತಾರೆ. ಸಹಿ ಹಾಕಿಸಿಬಿಡಲೇ?" ಎಂದರು. ಹೋಳಿಗೆಯ ತಟ್ಟೆ ಹಿಡಿದು ಉತ್ತರಿಸುವ ಪ್ರಶ್ನೆ ಅದಾಗಿರಲಿಲ್ಲ. ಆದ್ದರಿಂದ ಈ ಲೇಖನ.

ಮೊದಲು ವಸ್ತುವಿನ ವಿಚಾರ. ಹೈಡ್ರೋಜೆಲ್ ಎಂದರೆ ನೀರನ್ನು ಹಿಡಿದಿಟ್ಟುಕೊಂಡಿರುವ ಸೂಕ್ಷ್ಮವಾದ ಜಾಲ. ಚೈನಾಗ್ರಾಸ್ ಹಾಕಿ ಮಾಡುವ ಸಿಹಿಯನ್ನು ನೆನಪಿಸಿಕೊಳ್ಳಿ. ಅದರಲ್ಲಿ ಬಹುಪಾಲು ನೀರು, ಆದರೂ ಆಕಾರವಿದೆ. 1960ರಲ್ಲಿ ಪ್ರಾಗ್ ನಗರದ ಒಟ್ಟೋ ವಿಖ್ಟರ್ಲೆ ಮತ್ತು ಲಿಮ್ ಎಂಬ ರಸಾಯನ ವಿಜ್ಞಾನಿಗಳು ಇಂಥ ಜೆಲ್ ದೇಹಕ್ಕೆ ಒಗ್ಗಬಲ್ಲದೆಂದು ಪ್ರಕಟಿಸಿದರು. ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಬಂದದ್ದು ಅಲ್ಲಿಂದ. ಈಗಿನ ಸಂಶೋಧಕರು ಇದನ್ನು ಗಾಯದೊಳಗೆ ಬಳ್ಳಿಗೆ ಹಾಕುವ ಹಂದರದಂತೆ ಬಳಸಲು ಯತ್ನಿಸುತ್ತಿದ್ದಾರೆ. ನಮ್ಮ ಜೀವಕೋಶಗಳು ಬದುಕಲು ಸುಮಾರು 0.1ರಿಂದ 0.2 ಮಿಲಿಮೀಟರ್ ಅಂತರದೊಳಗೆ ರಕ್ತದ ಲೋಮನಾಳವೊಂದು ಇರಬೇಕು. ಜೆಲ್‌ನಲ್ಲಿ ಅಡಗಿಸಿಟ್ಟ ಬೆಳವಣಿಗೆಯ ಪ್ರೋಟೀನುಗಳು ನಿಧಾನವಾಗಿ ಹೊರಬಂದು ಹೊಸ ನಾಳಗಳನ್ನು ಕರೆಯುತ್ತವೆ. ಒಳಬಂದ ಕೋಶಗಳೇ ತಮ್ಮ ಕಿಣ್ವಗಳಿಂದ ಜಾಲವನ್ನು ಕತ್ತರಿಸಿಕೊಂಡು ಮುಂದೆ ಸಾಗುತ್ತವೆ. ಬಳ್ಳಿ ಹಬ್ಬಿದಂತೆ ಹಂದರ ಕರಗುತ್ತದೆ.

ಕೇಳಲು ಸೊಗಸು. ಆದರೆ 1971ರಲ್ಲಿ ಜೂಡಾ ಫೋಕ್‌ಮನ್ ಎಂಬ ಶಸ್ತ್ರವೈದ್ಯರು, ಕ್ಯಾನ್ಸರ್ ಗಡ್ಡೆಯೂ ಹೊಸ ರಕ್ತನಾಳಗಳನ್ನು ಕರೆದುಕೊಂಡೇ ಬೆಳೆಯುತ್ತದೆ ಎಂದು ವಾದಿಸಿದ್ದರು. ಗಾಯಕ್ಕೆ ಬೇಕಾದದ್ದೇ ಗಡ್ಡೆಗೂ ಬೇಕು. ಬೆಕಾಪ್ಲರ್ಮಿನ್ ಎಂಬ ಬೆಳವಣಿಗೆಯ ಪ್ರೋಟೀನ್ ಇರುವ ಜೆಲ್‌ಗೆ 1997ರಲ್ಲಿ ಅಮೆರಿಕೆಯ ಎಫ್.ಡಿ.ಎ. ಮಧುಮೇಹಿಗಳ ಕಾಲಿನ ಹುಣ್ಣಿಗಾಗಿ ಅನುಮತಿ ನೀಡಿತು. 2008ರಲ್ಲಿ ಕ್ಯಾನ್ಸರ್ ಸಾವಿನ ಕುರಿತ ಎಚ್ಚರಿಕೆಯನ್ನು ಚೌಕಟ್ಟಿನಲ್ಲಿ ಸೇರಿಸಿತು. ಇನ್ನಷ್ಟು ಮಾಹಿತಿ ಬಂದ ಮೇಲೆ 2018ರಲ್ಲಿ ಆ ಚೌಕಟ್ಟನ್ನು ತೆಗೆಸಿತು. ತಿಳಿವಳಿಕೆ ಹೀಗೆ ಬರುತ್ತದೆ, ನಿಧಾನವಾಗಿ, ಒಮ್ಮೊಮ್ಮೆ ಹಿಂದೆ ಸರಿದು. ಆ ನಡುವಿನ ವರ್ಷಗಳಲ್ಲಿ ಜೆಲ್ ಹಚ್ಚಿಸಿಕೊಂಡವರೂ ಮನುಷ್ಯರೇ.

ಹಾಗಾದರೆ "ಡಾಕ್ಟ್ರು ಹೇಳಿದ ಹಾಗೆ" ಎಂಬುದು ಒಪ್ಪಿಗೆಯೇ? ವೈದ್ಯರ ಮೇಲೆ ಭಾರ ಹಾಕುವುದು ಅಜ್ಞಾನವಲ್ಲ, ಅದೂ ಒಂದು ಆಯ್ಕೆ. ಹಿರಿಯರು ನಿರ್ಧಾರವನ್ನು ಮಗನಿಗೆ ಬಿಟ್ಟುಕೊಟ್ಟರೆ ಅದು ಅವರ ಹಕ್ಕು ಎಂದು ವಾದಿಸಬಹುದು. ನಾವೂ ಬಹುಕಾಲ ಹಾಗೆಯೇ ನಂಬಿದ್ದೆವು. ಆದರೆ ಚಿಕಿತ್ಸೆ ಬೇರೆ, ಪ್ರಯೋಗ ಬೇರೆ. ಚಿಕಿತ್ಸೆಯಲ್ಲಿ ವೈದ್ಯರು ನಿಮಗೊಬ್ಬರಿಗೆ ಯಾವುದು ಒಳ್ಳೆಯದೆಂದು ಯೋಚಿಸುತ್ತಾರೆ. ಪ್ರಯೋಗದಲ್ಲಿ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತಾರೆ. ಯಾರಿಗೆ ಪ್ರೋಟೀನ್ ಇರುವ ಜೆಲ್, ಯಾರಿಗೆ ಬರೀ ಜೆಲ್ ಎಂಬುದನ್ನು ಚೀಟಿ ಎತ್ತಿದಂತೆ ಗೊತ್ತುಮಾಡುತ್ತಾರೆ. ಇದು ತಿಳಿಯದೆ "ನೀವು ಹೇಳಿದ ಹಾಗೆ" ಎನ್ನುವವರು, ಅಲ್ಲಿ ಯಾರೂ ಕೊಡದೇ ಇರುವುದನ್ನು ನಂಬಿ ಕುಳಿತಿರುತ್ತಾರೆ. ನಿರ್ಧಾರವನ್ನು ಇನ್ನೊಬ್ಬರಿಗೆ ಒಪ್ಪಿಸಬಹುದು, ಆದರೆ ಏನನ್ನು ಒಪ್ಪಿಸುತ್ತಿದ್ದೇವೆ ಎಂಬುದಾದರೂ ತಿಳಿದಿರಬೇಕು.

ರೆಸಿಡೆನ್ಸಿಯ ದಿನಗಳಲ್ಲಿ ರಾತ್ರಿ ಎರಡು ಗಂಟೆಗೆ, ಪೆನ್ನು ಮುಂದೆ ಚಾಚಿ, ನಾವು ಎಷ್ಟೋ ಸಹಿಗಳನ್ನು ಪಡೆದಿದ್ದೇವೆ. ಸಹಿಗಳೇನೋ ಇದ್ದವು. ಒಪ್ಪಿಗೆ ಎಷ್ಟರಲ್ಲಿತ್ತೋ ಹೇಳಲಾರೆವು.

ಮುಂದಿನ ಭಾನುವಾರ ಅವರ ಮನೆಗೆ ಹೋದೆವು. ಕಾಫಿ ಕುಡಿಯುತ್ತಾ ಹಿರಿಯರಿಗೆ ಕನ್ನಡದಲ್ಲೇ ಹೇಳಿದೆವು: ಇದು ಪರೀಕ್ಷೆ, ನಿಮಗೆ ಬರೀ ಜೆಲ್ ಬರಬಹುದು, ಹಾನಿ ಆಗಲೂಬಹುದು, ಬೇಡವೆಂದರೆ ಯಾರೂ ಕೋಪಿಸಿಕೊಳ್ಳುವುದಿಲ್ಲ. ಏನೇ ಆದರೂ ಸಕ್ಕರೆ ಹತೋಟಿಯಲ್ಲಿರಬೇಕು, ಆ ಕಾಲಿನ ಮೇಲೆ ಭಾರ ಬೀಳಬಾರದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕರಗಿ ಹೋಗತ್ತೆ ಅಂದ್ರಲ್ಲ ಡಾಕ್ಟ್ರೇ, ಕರಗಿ ಎಲ್ಲಿಗೆ ಹೋಗತ್ತೆ?" ಎಂದು ಕೇಳಿದರು. ಓದಿಸಿಕೊಳ್ಳಲೂ ಒಲ್ಲೆನೆಂದ ಮನುಷ್ಯನ ಪ್ರಶ್ನೆ ಇದು! ಹದಿನಾಲ್ಕು ಪುಟ ತಿರುವಿ ಹಾಕಿ ಉತ್ತರ ಹುಡುಕಿದೆವು. ಸಿಗದಿದ್ದಾಗ ಅವರೇ ಆಸ್ಪತ್ರೆಯಲ್ಲಿ ಕೇಳಿ ತಿಳಿದುಕೊಂಡರು. ಎರಡು ವಾರದ ನಂತರ ತಾವೇ ಕನ್ನಡದಲ್ಲಿ ಸಹಿ ಹಾಕಿದರು. ಯಾವ ಜೆಲ್ ಬಂದಿದೆಯೋ ಅವರಿಗೂ ತಿಳಿಯದು, ನಮಗೂ ತಿಳಿಯದು.

ನಿಮ್ಮ ಮನೆಯ ಹಿರಿಯರ ಮುಂದೆಯೂ ಇಂಥ ಪತ್ರ ಬಂದಿದ್ದರೆ ಸಂಕೋಚವಿಲ್ಲದೆ ಮುಂದಿನ ಕೂಟಕ್ಕೆ ತನ್ನಿ. ಊಟವಾದ ಮೇಲೆ ಕುಳಿತು ಒಟ್ಟಿಗೆ ಓದೋಣ.