ಸುತ್ತಿಗೆಯ ತುದಿಗೂ ಸ್ಪರ್ಶವುಂಟು

ಪುಣೆಯ ಕಸಬಾ ಪೇಟೆಯಲ್ಲಿ ತಾಂಬಟ್ ಆಳಿ ಎಂಬ ಓಣಿಯಿದೆ. ತಾಂಬಟ ಎಂದರೆ ತಾಮ್ರದ ಕೆಲಸಗಾರ. ಪೇಶ್ವೆಗಳ ಕಾಲದಲ್ಲಿ ಕೊಂಕಣದಿಂದ ಬಂದು ನೆಲೆಸಿದ ಮನೆತನಗಳು ಇಲ್ಲಿ ಹಂಡೆ, ಕೊಡ, ತಂಬಿಗೆಗಳನ್ನು ಬಡಿಯುತ್ತ ಬಂದಿವೆ. ಓಣಿಯ ದಾರಿ ಕೇಳಬೇಕಾಗಿಲ್ಲ, ಸದ್ದಿನ ಬೆನ್ನು ಹತ್ತಿ ಹೋದರೆ ಸಾಕು. ಮರಾಠಿಯಲ್ಲಿ ತಾಂಬಟ ಎಂಬುದು ಒಂದು ಹಕ್ಕಿಯ ಹೆಸರೂ ಹೌದು. ಮರದ ತುದಿಯಲ್ಲಿ ಕೂತು ಟುಕ್ ಟುಕ್ ಟುಕ್ ಎಂದು ಬಿಡದೆ ಕೂಗುವ, ನಾವು ಕಂಚುಗಾರ ಹಕ್ಕಿ ಎನ್ನುವ ಅದೇ ಪುಟ್ಟ ಹಸಿರು ಹಕ್ಕಿ. ಅದಕ್ಕೆ ಕೊಕ್ಕೇ ಉಳಿ. ಒಣಕೊಂಬೆಯನ್ನು ಕೊರೆದು ಗೂಡು ಮಾಡಲು ಬೇಕಾದದ್ದನ್ನು ಅದು ಹುಟ್ಟುವಾಗಲೇ ತಂದಿದೆ. ನಾವು ಬರಿಗೈಲಿ ಬಂದವರು. ನಮಗೆ ಬೇಕಾದ ಕೊಕ್ಕನ್ನು ನಾವೇ ಮಾಡಿಕೊಳ್ಳಬೇಕಾಯಿತು.

ತಾಮ್ರದ ಮೇಲೆ ಕೊನೆಯಲ್ಲಿ ಮಾಡುವ ಕುಸುರಿಗೆ ಅಲ್ಲಿನವರು ಮಾಠಾರ್ ಕಾಮ್ ಎನ್ನುತ್ತಾರೆ. ಪಾತ್ರೆಯನ್ನು ತುಸುತುಸುವೇ ತಿರುಗಿಸುತ್ತ, ಒಂದು ಏಟಿನ ಪಕ್ಕಕ್ಕೆ ಸರಿಯಾಗಿ ಇನ್ನೊಂದು ಏಟು ಹಾಕುತ್ತ ಹೋಗಬೇಕು. ಮೈತುಂಬ ಕನ್ನಡಿಯಂಥ ಚುಕ್ಕೆಗಳೇಳುತ್ತವೆ. ಅದು ಬರೀ ಅಂದಕ್ಕಲ್ಲ, ಏಟು ಬಿದ್ದಷ್ಟೂ ತಾಮ್ರ ಬಿಗಿಯಾಗುತ್ತದೆ. ಪಳಗಿದ ಕೆಲಸಗಾರ ಸುತ್ತಿಗೆಯನ್ನು ನೋಡುವುದಿಲ್ಲ, ಅವನ ಕಣ್ಣೆಲ್ಲ ತಾಮ್ರದ ಮೇಲೆ. ಲೋಹ ಎಲ್ಲಿ ಇನ್ನೂ ಮೆದು, ಎಲ್ಲಿ ಸಾಕು ಎಂಬುದು ಸುತ್ತಿಗೆಯ ತುದಿಯಿಂದಲೇ ಅವನಿಗೆ ತಿಳಿಯುತ್ತದೆ, ಅಲ್ಲೊಂದು ಬೆರಳಿದ್ದಂತೆ.

ಇದು ಕವಿಮಾತೇನಲ್ಲ. 1996ರಲ್ಲಿ ಜಪಾನಿನ ಅತ್ಸುಶಿ ಇರಿಕಿ ಮತ್ತು ಸಂಗಡಿಗರು ಮಂಗಗಳಿಗೆ ಪುಟ್ಟ ಕುಂಟೆಯಂಥ ಕೋಲು ಕೊಟ್ಟು, ದೂರದ ತಿನಿಸನ್ನು ಎಳೆದುಕೊಳ್ಳುವುದನ್ನು ಕಲಿಸಿದರು. ಮಂಗದ ಮಿದುಳಿನ ಕೆಲವು ಕೋಶಗಳು ಕೈಯ ಹತ್ತಿರ ಏನಾದರೂ ಬಂದಾಗ ಮಿಡಿಯುತ್ತವೆ. ಕೋಲು ಬಳಸಿದ ಮೇಲೆ ಅವೇ ಕೋಶಗಳು ಕೋಲಿನ ತುದಿಯ ಹತ್ತಿರ ಬಂದದ್ದಕ್ಕೂ ಮಿಡಿದವು. ಮಿದುಳಿನ ಲೆಕ್ಕದಲ್ಲಿ ಕೈ ಉದ್ದವಾಗಿತ್ತು. ಬಳಸದೆ ಸುಮ್ಮನೆ ಹಿಡಿದು ಕೂತಾಗ ಮಾತ್ರ ಆ ಉದ್ದ ಉಳಿಯಲಿಲ್ಲ. ಕೋಲು ಕೈಯಲ್ಲೇ ಇತ್ತು, ಆದರೆ ಕೈಯಾಗಿರಲಿಲ್ಲ.

ಸಾಧನ ಮಾಡಬಲ್ಲವನು ಮನುಷ್ಯನೊಬ್ಬನೇ ಎಂಬ ಹೆಮ್ಮೆ ಬಹಳ ಕಾಲ ನಮಗಿತ್ತು. 1960ರಲ್ಲಿ ಜೇನ್ ಗುಡಾಲ್ ಆಫ್ರಿಕದ ಗೊಂಬೆ ಎಂಬ ಕಾಡಿನಲ್ಲಿ, ಚಿಂಪಾಂಜಿ ಕಡ್ಡಿಯ ಎಲೆ ಸವರಿ ಹುತ್ತಕ್ಕೆ ತೂರಿಸಿ ಗೆದ್ದಲು ತಿನ್ನುವುದನ್ನು ಕಂಡ ದಿನ ಆ ಹೆಮ್ಮೆ ಮುರಿಯಿತು. ಅಷ್ಟು ದೂರವೇಕೆ, ನಮ್ಮ ನಾಗರಹೊಳೆಯಲ್ಲೇ 13 ಸಾಕಾನೆಗಳ ಮುಂದೆ ನೊಣ ಓಡಿಸಲು ಬಾರದಷ್ಟು ಉದ್ದದ, ಪೊದೆಯಂಥ ಕೊಂಬೆಗಳನ್ನಿಟ್ಟು ನೋಡಿದರು. 2001ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 8 ಆನೆಗಳು ಕೊಂಬೆಯನ್ನು ಬೇಕಾದ ಹಾಗೆ ತಿದ್ದಿಕೊಂಡಿದ್ದವು. ಹೆಚ್ಚಾಗಿ ಮುಂಗಾಲಿನಿಂದ ಕೊಂಬೆಯನ್ನು ಒತ್ತಿಹಿಡಿದು, ಸೊಂಡಿಲಿನಿಂದ ಟಿಸಿಲನ್ನು ಕಿತ್ತು, ಹಗುರಾದ ಚಾಮರ ಮಾಡಿಕೊಂಡು ಬೀಸಿಕೊಂಡವು. ಕಾಲಲ್ಲಿ ಒತ್ತಿಹಿಡಿದು ಕೆಲಸ ಸಾಧಿಸುವ ಆ ಭಂಗಿಯನ್ನು ನಾವು ಈಳಿಗೆಮಣೆಯ ಮುಂದೆ ಕೂತ ಅಮ್ಮನಲ್ಲಿ ಕಂಡಿಲ್ಲವೇ?

ಇನ್ನು ಮತ್ತೆ ಪುಣೆಗೆ ಬರೋಣ. ಬಾಜೀರಾವ್ ರಸ್ತೆಯ ಹತ್ತಿರ ರಾಜಾ ದಿನಕರ್ ಕೇಳ್ಕರ್ ವಸ್ತುಸಂಗ್ರಹಾಲಯವಿದೆ. ದಿನಕರ ಕೇಳ್ಕರ್ (1896–1990) ಊರೂರು ಅಲೆದು ಕೂಡಿಸಿದ್ದು ಜನರ ಮನೆಬಳಕೆಯ ವಸ್ತುಗಳನ್ನು: ದೀಪ, ಕಾಲುಜ್ಜುವ ವಜ್ರಿ, ಅಡುಗೆಮನೆಯ ಪಾತ್ರೆಪಗಡೆ. ಎಳೆಯ ವಯಸ್ಸಿನಲ್ಲೇ ತೀರಿಹೋದ ಮಗ ರಾಜನ ಹೆಸರನ್ನು ಅದಕ್ಕಿಟ್ಟರು. ಅಲ್ಲಿ ಹಕ್ಕಿಯ, ಪ್ರಾಣಿಯ, ಮನುಷ್ಯರ ಆಕಾರದ ಅಡಕತ್ತರಿಗಳು ಸಾಲಾಗಿವೆ. ಮರಾಠಿಯಲ್ಲಿ ಅಡಕೆಗೆ ಸುಪಾರಿ ಎನ್ನುತ್ತಾರೆ, ಅದನ್ನು ಕತ್ತರಿಸುವ ಸಾಧನಕ್ಕೆ ಮಾತ್ರ ಅಡಕಿತ್ತಾ. ನಮ್ಮ ಅಡಕೊತ್ತನ್ನು ಬಲ್ಲ ಕಿವಿಗೆ ಆ ಪದ ನೆಂಟನಂತೆ ಕೇಳಿಸುತ್ತದೆ. ಕೈಯಿಂದ ಕೈಗೆ ಹೋದ ಸಾಧನ ಹೆಸರನ್ನೂ ಜತೆಗೇ ಒಯ್ಯುತ್ತದೆ.

ಗಾಜಿನ ಹಿಂದಿರುವ ಆ ಅಡಕಿತ್ತಾಗಳ ಎದುರು ನಿಂತಾಗ ನನಗೆ ಜಪಾನಿನ ಮಂಗದ ಕೋಲು ನೆನಪಾಗುತ್ತದೆ. ಕೇಳ್ಕರ್ ಅವರ ಪ್ರೀತಿ ಇಲ್ಲದಿದ್ದರೆ ಆ ಆಕಾರಗಳೂ ನಮಗೆ ಸಿಗುತ್ತಿರಲಿಲ್ಲ. ಅದಕ್ಕೆ ನಾವು ಎಂದೆಂದಿಗೂ ಋಣಿ. ಆದರೆ ಎಲೆ ಮೆಲ್ಲುತ್ತ, ಮಾತು ನಿಲ್ಲಿಸದೆ, ಕಣ್ಣೂ ಹಾಯಿಸದೆ ಅಡಕೆಯನ್ನು ಒಂದೇ ದಪ್ಪಕ್ಕೆ ಹೋಳು ಮಾಡುತ್ತಿದ್ದ ಅಜ್ಜಿಯ ಮಣಿಕಟ್ಟನ್ನು ಯಾವ ಕಪಾಟೂ ಕಾಪಾಡಲಾರದು. ಅದು ಉಳಿಯಬೇಕಾದರೆ ಇನ್ನೊಂದು ಕೈಗೇ ಇಳಿಯಬೇಕು. ತಾಂಬಟ ಓಣಿಯಲ್ಲಿ ಮಕ್ಕಳು ಅಪ್ಪಂದಿರ ಪಕ್ಕದಲ್ಲಿ ಕೂತು ಕಲಿತದ್ದೂ ಹೀಗೆಯೇ.

ಮಹಾರಾಷ್ಟ್ರದಲ್ಲಿ ಖಂಡೇನವಮಿ, ನಮ್ಮಲ್ಲಿ ಆಯುಧಪೂಜೆ. ವರ್ಷಕ್ಕೊಮ್ಮೆ ಸುತ್ತಿಗೆ, ಕತ್ತರಿ, ಕುಡುಗೋಲುಗಳಿಗೆ ಕುಂಕುಮ ಹಚ್ಚಿ ಕೈಮುಗಿಯುತ್ತೇವೆ. ಉಳಿದ ದಿನಗಳಲ್ಲಿ ಅವು ಕೇಳುವ ಪೂಜೆ ಒಂದೇ, ಬಳಕೆ. ನಿಮ್ಮ ಮನೆಯ ಗೂಡಿನಲ್ಲಿ ಒಂದು ಹಳೆಯ ಅಡಕೊತ್ತು ಇದ್ದೀತು. ಅಜ್ಜಿಯೂ ಇದ್ದರೆ ಅದು ದೊಡ್ಡ ಭಾಗ್ಯ. ಈ ಭಾನುವಾರ ಮೊಮ್ಮಗುವನ್ನು ಅವರ ಮಗ್ಗುಲಲ್ಲಿ ಕೂರಿಸಿ, ಎಳೆಗೈಯ ಮೇಲೆ ಸುಕ್ಕುಗೈ ಇರಲಿ. ಮೊದಲ ಅಡಕೆ ಸಿಡಿದು ಮಂಚದ ಕೆಳಗೆ ಉರುಳೀತು. ಉರುಳಲಿ, ಇನ್ನೊಂದು ಕೊಡಿ.