ಅಪ್ಪಣೆ ಪಡೆಯದ ಮಾತು

1966ರ ಸೆಪ್ಟೆಂಬರ್ 10ರ ಶನಿವಾರ, ಡಬ್ಲಿನ್ ಪಕ್ಕದ ಡನ್ ಲೇರಿಯಲ್ಲಿ ನಡೆದ ಪತ್ರಕರ್ತರ ಸಭೆಯಲ್ಲಿ ಐರ್ಲೆಂಡಿನ ಶಿಕ್ಷಣ ಮಂತ್ರಿ ಡೋನಾ ಓಮ್ಯಾಲಿ ಮಾತಿಗೆ ನಿಂತರು. ಮುಂದಿನ ಶಾಲಾವರ್ಷದಿಂದ ಪ್ರೌಢಶಿಕ್ಷಣ ಉಚಿತ ಎಂದುಬಿಟ್ಟರು. ಸಂಪುಟ ಇದಕ್ಕೆ ಒಪ್ಪಿಗೆ ಕೊಟ್ಟಿರಲಿಲ್ಲ. ದುಡ್ಡು ಹೊಂದಿಸಬೇಕಾದ ಹಣಕಾಸು ಮಂತ್ರಿ ಜಾಕ್ ಲಿಂಚ್ ಅವರನ್ನೂ ಕೇಳಿರಲಿಲ್ಲ. ಹಣಕಾಸು ಇಲಾಖೆಯ ಕಾರ್ಯದರ್ಶಿ ಟಿ. ಕೆ. ವಿಟೇಕರ್ ಕೆರಳಿ ಪ್ರಧಾನಿ ಶಾನ್ ಲೆಮಾಸ್‌ಗೆ ಪತ್ರ ಬರೆದರು. ಲೆಮಾಸ್ ಮೆಲ್ಲಗೆ ಗದರಿಸಿ ಸುಮ್ಮನಾದರು. ಅವರಿಗೆ ವಿಷಯ ಮೊದಲೇ ಗೊತ್ತಿತ್ತೆಂದು ನಂಬುವವರು ಬಹಳ.

ಫಲ ಒಳ್ಳೆಯದಾಯಿತಲ್ಲ, ಇನ್ನೇಕೆ ತಕರಾರು ಎನ್ನಬಹುದು. ಈ ವಾದ ನನಗೆ ಒಪ್ಪಿಗೆಯಿಲ್ಲ. ಫಲ ತಿಳಿಯುವುದು ಆಮೇಲೆ. ನಿಯಮ ಮುರಿಯುವ ಗಳಿಗೆಯಲ್ಲಿ ಪ್ರತಿಯೊಬ್ಬ ಮಂತ್ರಿಗೂ ತಾನು ಮಾಡುತ್ತಿರುವುದು ಲೋಕೋಪಕಾರವೆಂದೇ ತೋರುತ್ತದೆ. ಒಬ್ಬೊಬ್ಬರೂ ಒಂದೊಂದು ವೇದಿಕೆಯಲ್ಲಿ ಬೊಕ್ಕಸ ಬಿಚ್ಚುತ್ತ ಹೋದರೆ ಸರ್ಕಾರವೆಂಬುದು ಉಳಿಯುವುದಿಲ್ಲ. ವಿಟೇಕರ್ ಸಿಟ್ಟು ನ್ಯಾಯವಾದದ್ದೇ.

ಆದರೂ ಓಮ್ಯಾಲಿ ಮುರಿದದ್ದು ಯಾವ ಬಗೆಯಲ್ಲಿ ಎಂದು ನೋಡಬೇಕು. ಪ್ರಾಥಮಿಕ ಶಾಲೆ ಮುಗಿಸಿದ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಭಾಗ ಅಲ್ಲಿಗೇ ಓದು ಬಿಡುತ್ತಿದೆ ಎಂದು ಸರ್ಕಾರದ್ದೇ ವರದಿಯೊಂದು 1965ರ ಕೊನೆಯಲ್ಲಿ ಹೇಳಿತ್ತು. ಪ್ರೌಢಶಾಲೆಗಳಲ್ಲಿ ಬಹುಪಾಲು ಚರ್ಚಿನ ಕೈಯಲ್ಲಿದ್ದವು, ಶುಲ್ಕ ಕೇಳುತ್ತಿದ್ದವು. ವಿಷಯ ಅಧಿಕಾರಿಗಳಿಗೆ ಗೊತ್ತಿತ್ತು. ಯಾವಾಗ, ಎಷ್ಟು ಖರ್ಚಿನಲ್ಲಿ ಎಂಬ ಲೆಕ್ಕಾಚಾರ ಮಾತ್ರ ಮುಗಿಯುತ್ತಿರಲಿಲ್ಲ. ಲಿಮರಿಕ್‌ನ ಈ ಇಂಜಿನಿಯರ್ ಮಾಡಿದ್ದು ಇಷ್ಟೇ: ಕಡತದಲ್ಲಿದ್ದ ಸಂಗತಿಗೆ ತಾರೀಖು ಹಚ್ಚಿ ತಂದೆತಾಯಿಯರ ಮುಂದಿಟ್ಟರು. ಆ ಕ್ಷಣದಿಂದ ಅವರ ಜುಟ್ಟು ಊರವರ ಕೈಯಲ್ಲಿತ್ತು. 1967ರ ಸೆಪ್ಟೆಂಬರ್‌ಗೆ ಶುಲ್ಕ ಹೋಗದಿದ್ದರೆ ಕೇಳುವವರು ಮನೆಮನೆಯಲ್ಲಿದ್ದರು. ಜನರ ಕಣ್ಣು ತಪ್ಪಿಸಲು ಮಂತ್ರಿಗಳು ನಿಯಮ ಮುರಿಯುವುದೇ ಹೆಚ್ಚು; ಇಲ್ಲಿ ಮುರಿದವರು ತಮ್ಮನ್ನೇ ಜನರಿಗೆ ಒಪ್ಪಿಸಿಕೊಂಡರು. ನನಗೆ ಒರೆಗಲ್ಲು ಇದೇ.

ಬರಿಯ ಧೈರ್ಯ ಸಾಲದು ಎನ್ನುವುದಕ್ಕೆ ಸಾಕ್ಷಿಯೂ ಓಮ್ಯಾಲಿಯೇ. 1967ರಲ್ಲಿ ಟ್ರಿನಿಟಿ ಕಾಲೇಜು ಮತ್ತು ಯೂನಿವರ್ಸಿಟಿ ಕಾಲೇಜ್ ಡಬ್ಲಿನ್ ಎರಡನ್ನೂ ಒಂದು ಮಾಡುವುದಾಗಿ ಅವರು ಅಷ್ಟೇ ಗಟ್ಟಿ ದನಿಯಲ್ಲಿ ಸಾರಿದರು. ಅದಕ್ಕಾಗಿ ಕಾದು ಕೂತ ತಾಯಂದಿರು ಯಾರೂ ಇರಲಿಲ್ಲ. ಪ್ರಾಧ್ಯಾಪಕರು ಎಳೆದಾಡಿದರು, ಯೋಜನೆ ಸೊರಗಿ ಸತ್ತಿತು. ಎರಡೂ ಸಂಸ್ಥೆಗಳು ಇವತ್ತಿಗೂ ಬೇರೆ ಬೇರೆ.

ಶುಲ್ಕದ ಮಾತು ಮಾತ್ರ ನಡೆಯಿತು. ಶಾಲೆಯಿಂದ ಮೂರು ಮೈಲಿಗಿಂತ ಆಚೆ ಇದ್ದ ಮಕ್ಕಳಿಗೆ ಉಚಿತ ಬಸ್ಸು ಬಂತು. ಹಳ್ಳಿಗಳ ಮಟ್ಟಿಗೆ ಶುಲ್ಕಕ್ಕಿಂತ ಈ ಬಸ್ಸೇ ದೊಡ್ಡದು ಎಂದು ನನ್ನ ಎಣಿಕೆ. ದಾರಿಯಿಲ್ಲದ ಕಡೆ ಪುಕ್ಕಟೆ ಶಾಲೆಯಿಂದ ಯಾರಿಗೇನು? ಪೂರಾ ಉಚಿತ ಎನ್ನುವುದೂ ಉತ್ಪ್ರೇಕ್ಷೆಯೇ. ಐರಿಷ್ ಶಾಲೆಗಳು 'ಸ್ವಯಂಪ್ರೇರಿತ ವಂತಿಗೆ' ಹೆಸರಿನಲ್ಲಿ ಪೋಷಕರ ಮುಂದೆ ಕೈಚಾಚುತ್ತಲೇ ಬಂದಿವೆ, ಶುಲ್ಕದ ಶಾಲೆಗಳೂ ಉಳಿದಿವೆ.

ಸಂಪುಟಕ್ಕೆ ಓಮ್ಯಾಲಿ ತಪ್ಪು ಮಾಡಿದರು, ಮಕ್ಕಳಿಗೆ ಮಾಡಲಿಲ್ಲ. ಎರಡನ್ನೂ ಒಟ್ಟಿಗೇ ಒಪ್ಪಿಕೊಳ್ಳಬೇಕು. 1968ರ ಮಾರ್ಚ್ 10ರಂದು, 47ನೇ ವಯಸ್ಸಿನಲ್ಲಿ, ಉಚಿತ ಶಿಕ್ಷಣದ ಮೊದಲ ವರ್ಷ ಮುಗಿಯುವ ಮುನ್ನವೇ ಅವರು ತೀರಿಕೊಂಡರು. ಆಮೇಲೆ ಬಂದ ಯಾವ ಸರ್ಕಾರವೂ ಆ ಯೋಜನೆಯನ್ನು ಹಿಂದಕ್ಕೆ ಪಡೆಯಲಿಲ್ಲ.